ಮೂರು ಕಾರ್ಬೊರೇಟರ್ ಮತ್ತು ಮಾದಣ್ಣನ ಕಿವಿ

ಬೇರೆಯವರ ಮನೆಯ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿ ಇರುತ್ತದೆ, ನೀರಿನ ಜಗ್ಗು ಇರುತ್ತದೆ, ಹೆಚ್ಚೆಂದರೆ ನಡುವೆ ಒಂದು ಪ್ಲಾಸ್ಟಿಕ್ ಹೂವಿನ ಕುಂಡ. ನಮ್ಮ ಮೇಜಿನ ಮೇಲೆ ಹೋದ ದಸರೆಯ ನಂತರ ಹೆಚ್ಚುಕಡಿಮೆ ಎಂಟು ತಿಂಗಳು ಮೂರು ಕಾರ್ಬೊರೇಟರುಗಳಿದ್ದವು. ಹಳೇ ಪಂಚೆ ಹಾಸಿ ಸಾಲಾಗಿ ಕೂರಿಸಿದ್ದೆ. ಉಪ್ಪಿಟ್ಟು ತಿನ್ನುತ್ತ ಎಡಗಡೆಯದನ್ನು ನೋಡುವುದು, ಕಾಫಿ ಕುಡಿಯುತ್ತ ಬಲಗಡೆಯದನ್ನು ನೋಡುವುದು, ಕೈತೊಳೆದು ಬಂದು ನಡುವಿನದನ್ನು ಎತ್ತಿ ಅದರ ಗಂಟಲೊಳಗೆ ಬ್ಯಾಟರಿ ಬಿಟ್ಟು ಇಣುಕುವುದು. ನಿವೃತ್ತನಾದವನಿಗೆ ಇಷ್ಟು ಕೆಲಸ ಸಾಲದೇ?

ನನ್ನ ಹೆಂಡತಿ ಸರೋಜಳಿಗೆ ಇದು ಕೆಲಸ ಅನ್ನಿಸಿರಲಿಲ್ಲ. ಒಂದು ಬೆಳಿಗ್ಗೆ ಅವಳು ಇಡ್ಲಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

“ರೀ, ಇವತ್ತು ಚಟ್ನೀಲೂ ಪೆಟ್ರೋಲ್ ವಾಸ್ನೆ. ಮೂರರಲ್ಲಿ ಒಂದ ಮಡಿಕಳಿ, ಇನ್ನೆರಡ ಗುಜ್ರಿಗೆ ಆಕಿ. ಇಲ್ಲ ಅಂದ್ರ ಮೂರ್ನೂ ನಾನೇ ಆಕ್ಬುಡ್ತೀನಿ.”

“ಈ ವಾರ ತೀರ್ಮಾನ ಮಾಡ್ತೀನಿ” ಅಂದೆ. ಎಂಟು ತಿಂಗಳಲ್ಲಿ ಈ ಮಾತನ್ನು ಎಷ್ಟು ವಾರ ಹೇಳಿದೆನೋ, ಗಣಿತದ ಮೇಷ್ಟ್ರಾಗಿ ನಾನೇ ಲೆಕ್ಕ ಇಟ್ಟಿಲ್ಲ.

ನಾನು ನಿಂತಲ್ಲಿ ನಿಲ್ಲುವ ಜಾತಿಯವನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಮಾಡಿದೆ; ಅಷ್ಟನ್ನೂ ಕಿಟಕಿಗೂ ಬಾಗಿಲಿಗೂ ನಡುವೆ ಓಡಾಡಿಕೊಂಡೇ ಮಾಡಿದೆ. ಕೂತರೆ ಕಾಲು ಅಲ್ಲಾಡುತ್ತದೆ, ಕಾಲು ನಿಂತರೆ ಬೆರಳು ಮೇಜು ಕುಟ್ಟುತ್ತದೆ. ಓಡಾಡುವವನು ಬೇಗ ಬೇಗ ಕೆಲಸ ಮುಗಿಸುತ್ತಾನೆ ಎಂದು ನೋಡಿದವರಿಗೆ ಅನ್ನಿಸಬಹುದು. ನಿಜ ಬೇರೆ. ನನ್ನ ಓಡಾಟವೆಲ್ಲ ಒಂದೇ ಕಡೆ ಇದ್ದುಕೊಂಡು ಮಾಡುವ ಓಡಾಟ. ಯಾವುದನ್ನಾದರೂ ಆರಿಸು ಅಂದರೆ ಮುಗಿಯಿತು, ಜೀವ ಹೋದ ಹಾಗಾಗುತ್ತದೆ.

ಸರೋಜಳನ್ನು ನೋಡಲು ಮಾಂಬಳ್ಳಿಗೆ ನಾನು ಮೂರು ಸಲ ಹೋಗಿದ್ದೆ. ಬೇರೆ ಹೆಣ್ಣು ಮನಸ್ಸಿನಲ್ಲಿ ಇತ್ತೆಂದಲ್ಲ. ಅವಳು ಮೊದಲನೇ ಸಲವೇ ಹಿಡಿಸಿದ್ದಳು. ಹಿಡಿಸಿದ್ದು ಸರಿಯೇ ಎಂದು ಪರೀಕ್ಷಿಸಲು ಎರಡನೇ ಸಲ, ಪರೀಕ್ಷೆ ಸರಿಯಾಗಿತ್ತೇ ಎಂದು ನೋಡಲು ಮೂರನೇ ಸಲ. ಆ ಮೂರನೇ ಸಲ ನನ್ನ ಮಾವ ಉಪ್ಪಿಟ್ಟಿನ ತಟ್ಟೆಯನ್ನು ನನ್ನ ಮುಂದೆ ಇಟ್ಟು, “ಮೇಷ್ಟ್ರೆ, ಊಂ ಅನ್ನಿ, ಇಲ್ಲ ಆಗಕಿಲ್ಲ ಅನ್ನಿ. ಮಗ್ಳು ಗದ್ದೇಲಿ ಕಳೆ ಕೀಳದು ಬುಟ್ಟು ಸೀರೆ ಉಟ್ಕಂಡು ಕುಂತವ್ಳೆ” ಅಂದರು. ಹಾಗೆ ಹಿಂದಿನಿಂದ ತಳ್ಳುವವರು ಇದ್ದುದರಿಂದ ನನ್ನ ಬದುಕಿನಲ್ಲಿ ಕೆಲವಾದರೂ ಕೆಲಸಗಳು ಆಗಿವೆ.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ಅದು ಅಪ್ಪನ ಕಾರು. ಅಪ್ಪನಿಗೆ ಯಳಂದೂರಿನಲ್ಲಿ ಬೆಲ್ಲದ ವ್ಯಾಪಾರ. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದ ಸಾಹುಕಾರರೊಬ್ಬರು ಹೊಸ ಕಾರು ತೆಗೆದುಕೊಂಡಾಗ ಹಳೆಯದನ್ನು ಅಪ್ಪನಿಗೆ ಕೊಟ್ಟರು. ಪರದೇಶದ ಕಾರು, ಉದ್ದ ಮೂತಿ, ಆರು ಸಿಲಿಂಡರ್. ಆಗ ನಮ್ಮ ಕಡೆ ಓಡುತ್ತಿದ್ದ ಕಾರುಗಳಿಗೆಲ್ಲ ನಾಲ್ಕೇ. ಅಪ್ಪ ಕಾರು ಓಡಿಸಲು ಕಲಿಯಲೇ ಇಲ್ಲ, ಆದರೆ ಯಾರೇ ಸಿಕ್ಕಲಿ, ಮಳೆ ಬೆಳೆ ವಿಚಾರಿಸುವ ಮೊದಲು ಆರು ಬೆರಳು ಎತ್ತಿ ತೋರಿಸುತ್ತಿದ್ದರು. ಹಿಂದಿನ ಸೀಟು ತೆಗೆಸಿ ಅಲ್ಲಿ ಬೆಲ್ಲದ ಅಚ್ಚು ಪೇರಿಸುತ್ತಿದ್ದರು. ಅಚ್ಚುಗಳ ಮೇಲೆ ಗೋಣಿ, ಗೋಣಿಯ ಮೇಲೆ ನಾನು. ಸೀಟಿನ ಸಂದಿಯಲ್ಲಿ ಇರುವೆ, ಬಾಗಿಲಿನ ಸಂದಿಯಲ್ಲಿ ಇರುವೆ, ನನ್ನ ಚಡ್ಡಿಯಲ್ಲಿ ಇರುವೆ. ಎಂಜಿನ್ ಬಿಸಿಯಾದರೆ ಮುಂದಿನ ಹಲಗೆಯ ತೂತಿನಿಂದಲೂ ಸಾಲುಗಟ್ಟಿ ಇಳಿಯುತ್ತಿದ್ದವು. ನಾನು ಇಂದಿಗೂ ನೆಟ್ಟಗೆ ಕೂರಲಾರದ್ದಕ್ಕೆ ಆ ಇರುವೆಗಳೇ ಕಾರಣವಿರಬಹುದು ಎಂಬುದು ಸರೋಜಳ ಸಂಶೋಧನೆ.

ಆ ಕಾರನ್ನು ಓಡಿಸುತ್ತಿದ್ದವನು ಮಾದಣ್ಣ. ಹನೂರಿನವನು, ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಓಡಿಸುವುದೂ ಅವನೇ, ರಿಪೇರಿಯೂ ಅವನೇ. ಅಪ್ಪನ ವ್ಯಾಪಾರ ನಿಂತ ಮೇಲೆ ಬಸ್ಸಿನವರ ಗ್ಯಾರೇಜಿನಲ್ಲಿ ಕೆಲಸ ಮಾಡಿದ, ಆಮೇಲೆ ಹನೂರಿನಲ್ಲೇ ಸ್ವಂತ ಷೆಡ್ಡು ಹಾಕಿಕೊಂಡ. ನಮ್ಮ ಕಾರಿನ ರಿಪೇರಿಗೆ ಮಾತ್ರ ಅವನನ್ನು ಬಿಟ್ಟು ಇನ್ನೊಬ್ಬರು ಕೈ ಹಾಕಿದ್ದಿಲ್ಲ. ನಾನು ಅವನನ್ನು ನೀನು ಅನ್ನುತ್ತೇನೆ, ಅವನು ನನ್ನನ್ನು ನೀವು ಅನ್ನುತ್ತಾನೆ. ಇದು ಅಪ್ಪನ ಕಾಲದಿಂದ ಬಂದ ಏರ್ಪಾಡು. ಒಂದು ಸಲ ನನಗೇ ನಾಚಿಕೆಯಾಗಿ “ಮಾದಣ್ಣ, ನೀವು” ಎಂದು ಶುರುಮಾಡಿದೆ. “ಯಾಕ್ ಮೇಷ್ಟ್ರೆ, ನಾನೇನ್ ತಪ್ಪು ಮಾಡ್ದಿ?” ಎಂದು ಅವನು ಮುಖ ಸಣ್ಣ ಮಾಡಿಕೊಂಡ. ಹಳೆಯ ಏರ್ಪಾಡೇ ಮುಂದುವರಿಯಿತು.

ಅಪ್ಪ ಅಮಾವಾಸ್ಯೆಗೆ ಮಾದೇಶ್ವರನ ಬೆಟ್ಟಕ್ಕೆ ಹೋಗುವುದು ತಪ್ಪಿಸುತ್ತಿರಲಿಲ್ಲ. ಮಾದಣ್ಣ ಹನೂರಿನಲ್ಲಿ ಟೀಗೆ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಗೋಣಿ ಚೂರು ಹೊದಿಸುತ್ತಿದ್ದ. ಏರಿನಲ್ಲಿ ಪಂಪು ಕಾದರೆ ಪೆಟ್ರೋಲು ಆವಿಯಾಗಿ ಕಾರು ನಿಂತುಬಿಡುತ್ತದೆ. ಆಮೇಲೆ ಕಾರ್ಬೊರೇಟರಿನ ಪುಟ್ಟ ಹಿತ್ತಾಳೆ ತಿರುಪನ್ನು ಕಾಲು ಸುತ್ತು ತಿರುಗಿಸುತ್ತಿದ್ದ. ಬೆಟ್ಟದ ಗಾಳಿಗೆ ಒಂದು ಹದ, ಬಯಲ ಗಾಳಿಗೆ ಒಂದು ಹದ. ವಾಪಸು ಬರುವಾಗ ಅದೇ ಹನೂರಿನಲ್ಲಿ ಅದೇ ಕಾಲು ಸುತ್ತು ಹಿಂದಕ್ಕೆ. ಆಗಿನ ಡ್ರೈವರುಗಳೆಲ್ಲ ಹೀಗೆಯೇ ಮಾಡುತ್ತಿದ್ದರಂತೆ. ಅಷ್ಟು ಸಣ್ಣ ಏರಿಗೆ ಇದರ ಅಗತ್ಯವೇ ಇಲ್ಲ ಎಂದು ನಾನು ಭೌತಶಾಸ್ತ್ರ ಓದಿಕೊಂಡು ಬಂದು ಅವನಿಗೆ ವಿವರಿಸಿದ್ದೆ. ಅವನು ಪೂರ್ತಿ ಕೇಳಿ, ತಲೆಯಾಡಿಸಿ, ಕಾಲು ಸುತ್ತು ತಿರುಗಿಸಿದ.

ಕಾರ್ಬೊರೇಟರ್ ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಪಾತ್ರೆ ಅದು. ಪೆಟ್ರೋಲು ಹೆಚ್ಚಾದರೆ ಕಾರು ಕಪ್ಪು ಹೊಗೆ ಬಿಟ್ಟು ಕೆಮ್ಮುತ್ತದೆ, ಗಾಳಿ ಹೆಚ್ಚಾದರೆ ಮುಗ್ಗರಿಸುತ್ತದೆ. ಹದ ಸಿಕ್ಕಿದೆಯೇ ಇಲ್ಲವೇ ಎಂಬುದನ್ನು ಈಗಿನವರು ಯಂತ್ರ ಇಟ್ಟು ನೋಡುತ್ತಾರೆ. ಮಾದಣ್ಣ ಕಿವಿಯಿಂದ ಕೇಳುತ್ತಿದ್ದ. ಆರು ಸಿಲಿಂಡರಿನಲ್ಲಿ ಯಾವುದು ಸೋಮಾರಿ, ಯಾವುದು ಆತುರಗಾರ ಎಂದು ಹೆಸರಿಟ್ಟು ಹೇಳುತ್ತಿದ್ದ. ಅವನು ಹದ ಮಾಡಿದ ಮೇಲೆ ಆ ಎಂಜಿನ್ನು ಓಡುತ್ತಿದೆ ಎಂದು ಗೊತ್ತಾಗಬೇಕಾದರೆ ಹತ್ತಿರ ಹೋಗಿ ನಿಲ್ಲಬೇಕಿತ್ತು, ಅಷ್ಟು ಮೆತ್ತಗೆ.

ದಸರೆ ಮುಗಿಸಿ ಯಳಂದೂರಿನಿಂದ ಬರುವಾಗ ಹೊನ್ನೂರಿನ ಹತ್ತಿರ ಕಾರು ಮುಗ್ಗರಿಸತೊಡಗಿತು. ಎರಡೂ ಕಡೆ ಕಬ್ಬಿನ ಗದ್ದೆ. ಬಿಸಿಲು. ಆಟೋದವರು ನಿಧಾನ ಮಾಡಿ, ನೋಡಿ, ನಕ್ಕು ಹೋದರು. ಹೇಗೋ ಮನೆ ಮುಟ್ಟಿಸಿದೆ. ದೀಪಾವಳಿಯ ಹೊತ್ತಿಗೆ ಮಾದಣ್ಣ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು ಬಾನೆಟ್ ಎತ್ತಿದ. ಕಾರ್ಬೊರೇಟರಿನ ಮೈ ಬಿರುಕು ಬಿಟ್ಟಿತ್ತು, ಒಳಗಿನ ಸಲಾಕೆ ಸವೆದು ಲೊಡಲೊಡ ಅನ್ನುತ್ತಿತ್ತು.

“ಇದ್ರ ಕತೆ ಮುಗೀತು” ಅಂದ. “ಬ್ಯಾರೆ ತಕಳಿ. ಎಂತದಾರೂ ಸರಿ, ಬಾಯಿ ಅಳ್ತೆ ಅತ್ರತ್ರ ಇದ್ರಾಯ್ತು. ನಾನು ಹದ ಮಾಡ್ತೀನಿ.”

ಆಮೇಲೆ ಕೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ, ಇನ್ನೊಂದು ಮಾತು ಹೇಳಿದ.

“ಬಿರ್ರನೆ ತಕಳಿ ಮೇಷ್ಟ್ರೆ. ಎಡ್ಗಿವಿ ಓಗಿ ಬಾಳಾ ವರ್ಸ ಆಯ್ತು, ನಿಮ್ಗೂ ಗೊತ್ತು. ಈಗ ಬಲ್ಗಿವೀನೂ ಓಯ್ತಾ ಅದ. ನರ ಸೋತವೆ, ಒಸಿ ದಿನ ಅಷ್ಟೇಯ ಅಂತ ಮೈಸೂರು ಡಾಕ್ಟ್ರು ಅಂದ್ರು. ಕಿವಿಗೆ ಮಡಿಕಳ ಮಿಷನ್ ಕೊಟ್ಟವ್ರೆ. ಅದ್ರಲ್ಲಿ ಕೇಳುದ್ರ ಎಂಜಿನ್ನೂ ಕೋಳೀನೂ ಒಂದೇ ತರ ಕೇಳ್ತವೆ. ಕಿವಿ ಇರೂವಾಗ್ಲೇ ಇದೊಂದ ಕೂರ್ಸ್ಬುಡವ.”

ಅವನ ಮಾತು ನನಗೆ ನಾಟಲಿಲ್ಲ ಎನ್ನಲಾರೆ. ಚೆನ್ನಾಗಿಯೇ ನಾಟಿತು. ಅವನ ಕಿವಿಯಿಂದ ಕೊನೆಯ ಸಲ ಹದವಾಗುವ ಎಂಜಿನ್ನಿಗೆ ‘ಎಂತದಾರೂ’ ಹಾಕಬಾರದು, ಅತ್ಯುತ್ತಮವಾದದ್ದನ್ನೇ ತರಬೇಕು ಎಂದು ತೀರ್ಮಾನಿಸಿದೆ. ಅಲ್ಲಿಗೆ ಕೆಟ್ಟಿತು.

ಮೊದಲನೆಯದು ಮೈಸೂರಿನ ಗುಜರಿಯಲ್ಲಿ ಸಿಕ್ಕಿತು. ನಮ್ಮದೇ ಜಾತಿಯದು, ಅದೇ ಅಳತೆ, ಆದರೆ ಮುದಿ. ಅದನ್ನು ತಂದು ಮೇಜಿನ ಮೇಲಿಟ್ಟು ಎರಡು ದಿನ ಖುಷಿಯಾಗಿದ್ದೆ. ಮೂರನೇ ದಿನ ಅನುಮಾನ ಶುರುವಾಯಿತು: ಮುದಿಗೆ ಬದಲು ಇನ್ನೊಂದು ಮುದಿ ತಂದರೆ ಏನು ಬಂತು? ನಮ್ಮ ಬೀದಿಯಲ್ಲಿ ಮಗ್ಗ ಹಾಕಿಕೊಂಡಿರುವ ಶಿವಣ್ಣ ತನ್ನ ಹಳೇ ಜೀಪಿನದ್ದನ್ನು ತಂದುಕೊಟ್ಟ. “ನಾಕು ಸಿಲಿಂಡರ್ದು ಸಾ, ಪೆಟ್ರೋಲ್ ಕುಡಿಯಾಕಿಲ್ಲ” ಅಂದ. ಕುಡಿಯುವುದಿಲ್ಲ ಸರಿ, ಆರು ಬಾಯಿಗೆ ಸಾಲುತ್ತದೆಯೇ? ಅದೂ ಮೇಜಿಗೆ ಬಂತು. ಮೂರನೆಯದನ್ನು ಫೋನಿನಲ್ಲಿ ಆರ್ಡರ್ ಮಾಡಿದೆ. ಹೊಚ್ಚ ಹೊಸದು, ಮದುವೆ ಪಾತ್ರೆಯ ಹೊಳಪು. ಕೂರಿಸುವ ತೂತುಗಳು ಮಾತ್ರ ಒಂದು ಕೂದಲೆಳೆ ಆಚೀಚೆ.

ಆಮೇಲೆ ನಾನು ಗಣಿತಕ್ಕೆ ಇಳಿದೆ. ಎಂಜಿನ್ನಿನ ಒಳಗಿನ ಜಾಗ ಎಷ್ಟು, ನಿಮಿಷಕ್ಕೆ ಎಷ್ಟು ಸುತ್ತು, ಎಷ್ಟು ಗಾಳಿ ಬೇಕು. ಹಿತ್ತಲ ಗೋಡೆಯ ತುಂಬ ಸೀಮೆಸುಣ್ಣದಲ್ಲಿ ಬರೆದೆ. ಜೀಪಿನದು ಒಂದಿಷ್ಟು ಕಡಿಮೆ ಬಂತು, ಹೊಸದು ಒಂದಿಷ್ಟು ಹೆಚ್ಚು ಬಂತು. ಮುದುಕ ಸರಿಯಾಗಿ ಬಂದ. ಹಾಗಾದರೆ ಮುಗಿಯಬೇಕಲ್ಲ? ಇಲ್ಲ. ಸರಿಯಾಗಿ ಬಂದದ್ದರ ಮೇಲೇ ನನಗೆ ಹೆಚ್ಚು ಗುಮಾನಿ. ಅಳಿಸಿ ಮತ್ತೆ ಮಾಡಿದೆ. ಬಿಸಿಲಿಗೆ ಎಷ್ಟು, ಚಳಿಗೆ ಎಷ್ಟು, ಏರಿಗೆ ಎಷ್ಟು ಎಂದು ಬೇರೆ ಬೇರೆ ಮಾಡಿದೆ. ವಿಡಿಯೋ ನೋಡಿದೆ, ಪ್ರತಿ ವಿಡಿಯೋದವನೂ ಹಿಂದಿನ ವಿಡಿಯೋದವನನ್ನು ದಡ್ಡ ಅಂದ. ಬೆಳಿಗ್ಗೆ ಜೀಪಿನದಕ್ಕೆ ಮನಸ್ಸು ಹೋಗುತ್ತಿತ್ತು, ಸಂಜೆ ವಾಕಿಂಗ್ ಮುಗಿಯುವಷ್ಟರಲ್ಲಿ ಹೊಸದಕ್ಕೆ ತಿರುಗುತ್ತಿತ್ತು. ಗೇಟಿನ ತನಕ ಹೋಗಿ ವಾಪಸು ಬರುತ್ತಿದ್ದೆ, ಮತ್ತೆ ಗೇಟಿಗೆ ಹೋಗುತ್ತಿದ್ದೆ. ನಾಯಿ ಕೂಡ ನನ್ನ ಜೊತೆ ಓಡಾಡುವುದನ್ನು ಬಿಟ್ಟಿತು.

ಮಾದಣ್ಣ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಕಿವುಡು ಹೆಚ್ಚಿದಷ್ಟೂ ಅವನ ದನಿ ಹೆಚ್ಚುತ್ತಿತ್ತು, ಅಡುಗೆ ಮನೆಯಲ್ಲಿದ್ದ ಸರೋಜಳಿಗೂ ಕೇಳುತ್ತಿತ್ತು. ಶಿವರಾತ್ರಿಯ ಹಿಂದಿನ ವಾರ, “ಮೇಷ್ಟ್ರೆ, ಬೆಟ್ಟಕ್ ಓಗೋ ಗಾಡಿ ರಿಪೇರಿ ಎಲ್ಲಾ ಮುಗ್ಸುಬುಟ್ಟಿ. ಕೈ ಕಾಲಿ ಅದ. ಅಬ್ಬ ಆದ್ ಮರ್ದಿನ ಬನ್ನಿ” ಅಂದ.

“ಬರ್ತೀನಿ ಮಾದಣ್ಣ. ಒಂದೇ ಒಂದು ಸಣ್ಣ ಲೆಕ್ಕ ಬಾಕಿ ಇದೆ.”

“ಆಂ?”

“ಲೆಕ್ಕ! ಲೆಕ್ಕ ಬಾಕಿ!”

“ಲೆಕ್ವ ನಾನ್ ಮಾಡ್ತೀನಿ ಬನ್ನಿ” ಅಂದ. ನಾನು ನಕ್ಕೆ.

ಯುಗಾದಿಯ ನಂತರ ಫೋನು ಬರುವುದು ನಿಂತಿತು. ಒಂದೆರಡು ಸಲ ನಾನೇ ಮಾಡಿದೆ. ಅವನ ಸೊಸೆ ಎತ್ತಿ, “ಮಾವ ತೋಟದಲ್ಲವ್ರೆ, ಬಂದ್ ಮ್ಯಾಲ ಯೋಳ್ತೀನಿ” ಅನ್ನುತ್ತಿದ್ದಳು. ಈ ವಯಸ್ಸಿನಲ್ಲಿ ಇಷ್ಟು ಹೊತ್ತು ತೋಟದಲ್ಲಿ ಏನು ಮಾಡುತ್ತಾನೆ ಎಂದುಕೊಂಡೆ, ಅಷ್ಟೇ. ಒಳಗೊಳಗೇ ಸ್ವಲ್ಪ ನಿರಾಳವೂ ಆಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ತಳ್ಳುವವರಿಲ್ಲದಿದ್ದರೆ ನನಗೆ ಹಾಯೆನಿಸುತ್ತದೆ.

ಕೊನೆಗೆ ತಳ್ಳಿದವಳು ಸರೋಜ. ಮುಂಗಾರು ಇನ್ನೇನು ಹಿಡಿಯಬೇಕು ಅನ್ನುವ ದಿನಗಳಲ್ಲಿ ಒಂದು ಬೆಳಿಗ್ಗೆ ಮೇಜಿನ ಪಂಚೆಯನ್ನು ನಾಲ್ಕು ಮೂಲೆ ಹಿಡಿದು ಮೂರು ಕಾರ್ಬೊರೇಟರನ್ನೂ ಗಂಟು ಕಟ್ಟಿ ಡಿಕ್ಕಿಗೆ ಹಾಕಿದಳು. ತಾನೂ ಸೀರೆ ಬದಲಾಯಿಸಿ ಮುಂದಿನ ಸೀಟಿನಲ್ಲಿ ಕೂತಳು. “ನಡೀರಿ ಅನೂರಿಗೆ” ಅಂದಳು. ಒಡೆದ ಕಾರ್ಬೊರೇಟರಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಹನೂರು ತಲುಪುವಷ್ಟರಲ್ಲಿ ಕಾರು ಐದು ಸಲ ನಿಂತಿತು. ಸರೋಜ ಐದು ಸಲವೂ ಕಿಟಕಿಯಾಚೆ ನೋಡುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಮಾದಣ್ಣನ ಮನೆ ಊರಾಚೆ, ರಾಮಾಪುರದ ದಾರಿಯಲ್ಲಿ. ಅವನು ಹೊಂಗೆ ಮರದ ಕೆಳಗೆ ಕೂತಿದ್ದ. ಕಾರು ಕಣ್ಣಿಗೆ ಬಿದ್ದದ್ದೇ ಎದ್ದು ಬಂದ, ಬಾಯ್ತುಂಬ ನಕ್ಕ.

“ಬಂದ್ರಾ ಮೇಷ್ಟ್ರೆ! ಅಮ್ಮಾವ್ರೂ ಬಂದವ್ರೆ! ಬನ್ನಿ, ಬನ್ನಿ. ಮಕ್ಳು ಸಂದಾಕಿದ್ದರಾ? ಮಳೆ ಬಂತಾ ಆ ಕಡೆ? ಇಲ್ಲಿ ಒಂದ್ ಅನೀನೂ ಇಲ್ಲ. ತಗೀರಿ ಡಿಕ್ಕಿ, ಏನ್ ತಂದಿದ್ದರಿ ನೋಡವ.”

ಒಂದಾದ ಮೇಲೆ ಒಂದು ಮಾತು, ನಾನು ಉತ್ತರ ಕೊಡಲು ಬಾಯಿ ತೆಗೆಯುವಷ್ಟರಲ್ಲಿ ಇನ್ನೊಂದು. ಬಹಳ ದಿನಕ್ಕೆ ಸಿಕ್ಕಿದ್ದೇನೆ, ಸಡಗರ ಅಂದುಕೊಂಡೆ. ಗಂಟು ಬಿಚ್ಚಿ ಮೂರನ್ನೂ ಚಪ್ಪಡಿಯ ಮೇಲೆ ಸಾಲಾಗಿ ಇಟ್ಟೆ. ನನ್ನ ಎಂಟು ತಿಂಗಳ ವಾದವನ್ನೆಲ್ಲ ಕ್ರಮವಾಗಿ ಹೇಳಲು ಗಂಟಲು ಸರಿಮಾಡಿಕೊಂಡೆ. ಅವನು ಬಗ್ಗಿ ಗುಜರಿಯದನ್ನು ಎತ್ತಿಕೊಂಡ. “ಇದೇ ಸಾಕು” ಅಂದ. ಉಳಿದೆರಡನ್ನು ಮುಟ್ಟಿಯೂ ನೋಡಲಿಲ್ಲ.

ಅರ್ಧ ಗಂಟೆಯಲ್ಲಿ ಕೂರಿಸಿದ. ಕೈಗಳು ಎಂದಿನಂತೆಯೇ ಇದ್ದವು, ಒಂದು ಬೋಲ್ಟೂ ಜಾರಲಿಲ್ಲ. ಸರೋಜ ಜಗಲಿಯ ಮೇಲೆ ಸೊಸೆಯ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಮಾದಣ್ಣ ಕೈಗೆ ಹತ್ತಿದ ಮಸಿಯನ್ನು ಮಣ್ಣಿನಲ್ಲಿ ತಿಕ್ಕಿ, ಸ್ಕ್ರೂಡ್ರೈವರನ್ನು ನನಗೆ ಕೊಟ್ಟು, ಹತ್ತು ಹೆಜ್ಜೆ ಆಚೆ ಮರದ ಕೆಳಗೆ ಹೋಗಿ ಕಾರಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತ. ಅದು ಅವನ ಪದ್ಧತಿ. ಹದ ಮಾಡುವಾಗ ಅವನು ಎಂಜಿನ್ನನ್ನು ನೋಡುವುದಿಲ್ಲ. ನೋಡಿದರೆ ಕಣ್ಣು ನಡುವೆ ಬಾಯಿ ಹಾಕುತ್ತದೆ, ಕಿವಿಗೆ ಕೆಲಸ ಮಾಡಲು ಬಿಡುವುದಿಲ್ಲ ಎನ್ನುತ್ತಾನೆ. ತಿರುಪನ್ನು ಇನ್ನೊಬ್ಬರು ತಿರುಗಿಸಬೇಕು, ಅವನು ಅಲ್ಲಿಂದಲೇ ‘ಇನ್ನೊಸಿ, ಇನ್ನೊಸಿ, ಈಗ ಸಾಕು’ ಎನ್ನುತ್ತಾನೆ. ಅಪ್ಪ ಹೋದ ಮೇಲೆ ಆ ಇನ್ನೊಬ್ಬ ಯಾವಾಗಲೂ ನಾನೇ.

ಕೀಲಿ ತಿರುಗಿಸಿದೆ. ಎರಡು ಸಲ ಕೆಮ್ಮಿ, ಮೂರನೇ ಸಲಕ್ಕೆ ಎಂಜಿನ್ ಹಿಡಿಯಿತು. ಓಡಿಬಂದು ತಿರುಪಿಗೆ ಸ್ಕ್ರೂಡ್ರೈವರ್ ಕೊಟ್ಟು ಕಾದೆ. ಅವನಿಂದ ಮಾತಿಲ್ಲ. ಮನಸ್ಸಿಟ್ಟು ಕೇಳುತ್ತಿದ್ದಾನೆ ಅಂದುಕೊಂಡೆ. ಒಂದು ಕೂದಲಿನಷ್ಟು ತಿರುಗಿಸಿದೆ. ಮಾತಿಲ್ಲ. ಇನ್ನೊಂದಿಷ್ಟು ತಿರುಗಿಸಿದೆ. ಎಂಜಿನ್ ಇಳಿದು ಇಳಿದು ಮೆತ್ತಗಾಯಿತು. ಅವನ ಬೆನ್ನು ಅಲ್ಲಾಡಲಿಲ್ಲ. ಎರಡು ನಿಮಿಷ ಹಾಗೇ ಕಳೆದಿರಬೇಕು. ಆಮೇಲೆ ಅವನು, ತಿರುಗಿ ನೋಡದೆಯೇ, ಒಂಚೂರು ಬೇಸರದಿಂದ ಕೂಗಿದ.

“ಯಾಕ್ ಮೇಷ್ಟ್ರೆ, ಇನ್ನೂವ ಸ್ಟಾಟ್ ಮಾಡ್ನಿಲ್ವಾ?”

ಜಗಲಿಯ ಮೇಲೆ ಸರೋಜಳ ಕೈ ನಿಂತಿತು. ಸೊಸೆ ತಲೆ ತಗ್ಗಿಸಿದಳು. ನಾನು ಎಷ್ಟು ಕೂಗಿದರೂ ಅವನಿಗೆ ಕೇಳುವಂತಿರಲಿಲ್ಲ. ಇಷ್ಟು ಹೊತ್ತೂ ಅವನು ನನ್ನ ಬಾಯನ್ನೇ ನೋಡುತ್ತ, ನನಗೆ ಮಾತಾಡಲು ಬಿಡದೆ, ತಾನೇ ಮಾತಾಡಿ ನಿಭಾಯಿಸಿದ್ದ ಎಂದು ಆಗ ಹೊಳೆಯಿತು. ಮಾತು ಕೇಳದಿದ್ದರೂ ಎಂಜಿನ್ನಾದರೂ ಕೇಳೀತು ಎಂದು ಕಾದು ಕೂತಿದ್ದ.

ಉತ್ತರ ಬರದಿದ್ದುದಕ್ಕೆ ಅವನು ತಿರುಗಿದ. ಫ್ಯಾನು ಸುತ್ತುತ್ತಿರುವುದನ್ನು ಕಂಡ. ನೋಡುತ್ತ ಕೂತ.

“ಓ” ಅಂದ. “ಓಡ್ತಾ ಅದ.”

ನಿಧಾನವಾಗಿ ಎದ್ದು, ಮಂಡಿ ಹಿಡಿದುಕೊಂಡು ಹತ್ತಿರ ಬಂದ. ಮೊದಲು ತಗಡಿನ ಮೇಲೆ ಕೈಯಿಟ್ಟ, ಆಮೇಲೆ ತೆಗೆದ. “ಸಿವರಾತ್ರೀಲಿ ಬಂದಿದ್ರ ಕೇಳ್ತಿತ್ತು” ಅಂದ. ದೂರು ಹೇಳುವ ದನಿಯಲ್ಲ. ಬಸ್ಸು ಆಗಲೇ ಹೋಯಿತು ಎಂದು ದಾರಿಯಲ್ಲಿ ಸಿಕ್ಕವರಿಗೆ ಹೇಳುವ ದನಿ. ಅವನು ನನ್ನ ಕೊರಳಪಟ್ಟಿ ಹಿಡಿದು ಎರಡು ಬಿಗಿದಿದ್ದರೆ ನಾನು ಅವನ ಕಾಲಿಗೆ ಬೀಳುತ್ತಿದ್ದೆ.

“ಎಂಗದ ಸದ್ದು? ಯೋಳಿ ಮೇಷ್ಟ್ರೆ” ಎಂದು ನನ್ನ ತುಟಿಗಳನ್ನು ನೋಡುತ್ತ ನಿಂತ.

ಜೀವಮಾನವೆಲ್ಲ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಒಂದು ಸದ್ದು ಹೇಗಿದೆ ಎಂದು ಹೇಳಲು ನನ್ನಲ್ಲಿ ಒಂದು ಪದ ಇರಲಿಲ್ಲ. ಕಿವಿಗೊಟ್ಟೆ. ಅಷ್ಟು ವರ್ಷ ಅವನು ಕೇಳುತ್ತಾನಲ್ಲ ಎಂದು ನಾನು ಕೇಳದೇ ಬಿಟ್ಟಿದ್ದ ಸದ್ದು. ಒಂದು ಸಿಲಿಂಡರ್ ಕುಂಟುತ್ತಿತ್ತು, ಅದು ನನಗೂ ತಿಳಿಯಿತು. ಯಾವುದು ಎಂದು ಮಾತ್ರ ತಿಳಿಯಲಿಲ್ಲ. ತಿರುಪನ್ನು ಯಾವ ಕಡೆಗೆ ತಿರುಗಿಸಬೇಕು ಎನ್ನುವುದೂ ತಿಳಿಯಲಿಲ್ಲ.

ಅವನ ಮುಖಕ್ಕೆ ಮುಖ ಕೊಟ್ಟು, ಬಿಡಿಬಿಡಿಯಾಗಿ, “ಅಪ್ಪನ ಕಾಲದಲ್ಲಿ ಇತ್ತಲ್ಲ, ಹಾಗೇ ಇದೆ ಮಾದಣ್ಣ. ಆರೂ ಒಂದೇ ಸಮ ಓಡ್ತಾ ಇವೆ” ಅಂದೆ.

ಅವನು ತಲೆಯಾಡಿಸಿದ. ಕಣ್ಣು ತುಂಬಿತ್ತೋ, ಬಿಸಿಲಿಗೆ ಹಾಗೆ ಕಂಡಿತೋ ಗೊತ್ತಿಲ್ಲ. ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡ.

“ಅಂಗಾರ ಅಲ್ಗೇ ನಿಲ್ಸ್ಬುಡಿ. ಇನ್ನ ಮುಟ್ಬ್ಯಾಡಿ” ಅಂದ.

ಆರರಲ್ಲಿ ಒಂದು ಇವತ್ತಿಗೂ ಕುಂಟುತ್ತದೆ. ಎಂಜಿನ್ ಹಾಕಿ ನಿಂತ ಕಾರಿನಲ್ಲಿ ಕೂತರೆ ಸ್ಟೀರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ. ಕೊಳ್ಳೇಗಾಲದ ಗ್ಯಾರೇಜಿನವರು ದಾರಿಯಲ್ಲಿ ಸಿಕ್ಕಾಗೆಲ್ಲ “ಅತ್ತು ನಿಮಿಷದ ಕೆಲ್ಸ ಸಾ, ಬುಟ್ಟೋಗಿ, ಸರಿ ಮಾಡ್ಕೊಡ್ತೀವಿ” ಎನ್ನುತ್ತಾರೆ. ನಾನು ಇನ್ನೂ ಯಾರಿಗೂ ಬಾನೆಟ್ ಎತ್ತಲು ಬಿಟ್ಟಿಲ್ಲ.